ನೈಟ್ ಡ್ಯೂಟಿ ಪುಟಗಳು, ಭಾಗ 14: ಕ್ಷಯ ಕಡಿಮೆಯಾದದ್ದು ಹೇಗೆ?

ಹೋದ ವಾರ ಏನೂ ಬರೆಯಲಿಲ್ಲ ಅಂತ ಮೂರು ಜನ ಇನ್‌ಬಾಕ್ಸಿಗೆ ಬಂದು ಬೈದು ಹೋಗಿದ್ದೀರಿ. ನಾಲ್ಕು ನೈಟ್ ಡ್ಯೂಟಿ ಒಟ್ಟಿಗೆ ಬಿದ್ದಿತ್ತು, ಮನೆಗೆ ಬಂದರೆ ಹಾಸಿಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇವತ್ತು ರಜೆ. ಬಟ್ಟೆ ಮೆಷಿನ್ನಿಗೆ ಹಾಕಿ, ಕಾಫಿ ಇಟ್ಟುಕೊಂಡು ಕೂತಿದ್ದೇನೆ. ಇದು ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಓದೋರು ಸ್ಟಾಪ್ ನೋಡಿಕೊಳ್ಳಿ.

ಈ ಸಲ ಇಲ್ಲಿನ ಚಳಿಗಾಲದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. "ಅವರ ಮನೇಲಿ ಹುಡುಗಿಗೆ ಟಿಬಿಯಂತೆ, ಮಕ್ಕಳನ್ನ ಕರ್ಕೊಂಡು ಗೃಹಪ್ರವೇಶಕ್ಕೆ ಯಾರೂ ಹೋಗಬೇಡಿ." ಹಾಕಿದವರು ಯಾರು ಅಂತ ಇಲ್ಲಿ ಹೇಳಲ್ಲ, ಅವರೂ ಇದನ್ನ ಓದುತ್ತಾರೆ. ಕೆಳಗೆ ಹನ್ನೊಂದು ಜನ ಕೈ ಮುಗಿಯುವ ಚಿತ್ರ ಹಾಕಿದ್ದರು. ಆ ಹುಡುಗಿ ಮಾತ್ರೆ ಶುರು ಮಾಡಿ ಮೂರನೇ ತಿಂಗಳು ನಡೀತಾ ಇದೆ. ಕಫದ ಪರೀಕ್ಷೆಯಲ್ಲಿ ಈಗ ಏನೂ ಇಲ್ಲ. ಅವಳೇ ನನಗೆ ರಿಪೋರ್ಟಿನ ಫೋಟೋ ಕಳಿಸಿದಳು. ಜೊತೆಗೆ ಒಂದೇ ಸಾಲು ಬರೆದಿದ್ದಳು: "ಅಕ್ಕಾ, ಇದನ್ನ ಗ್ರೂಪಿಗೆ ಹಾಕಲಾ?"

ಹಾಕಬೇಡ ಅಂದೆ. ನಿನ್ನ ರಿಪೋರ್ಟನ್ನ ನೀನು ಯಾಕೆ ಊರಿಗೆಲ್ಲ ತೋರಿಸಬೇಕು? ನಾನು ಬರೀತೀನಿ ಇರು ಅಂದೆ.

ಬರೆಯೋಕೆ ಮುಂಚೆ ನನ್ನದೊಂದು ವಿಷಯ ಹೇಳಬೇಕು. ಅಮ್ಮನಿಗೆ ಮಾತ್ರ ಗೊತ್ತಿದ್ದದ್ದು. ನಾನು ಇಂಗ್ಲೆಂಡಿಗೆ ಬಂದ ಹೊಸದರಲ್ಲಿ, ಕೆಲಸಕ್ಕೆ ಸೇರುವಾಗ ಒಂದು ರಕ್ತ ಪರೀಕ್ಷೆ ಮಾಡಿದರು. ವೀಸಾಗೆ ಅಂತ ಬೆಂಗಳೂರಿನಲ್ಲಿ ತೆಗೆಸಿದ್ದ ಎಕ್ಸ್‌ರೇ ಸರಿಯಾಗೇ ಇತ್ತು. ರಕ್ತದ ರಿಪೋರ್ಟ್ ಮಾತ್ರ ಪಾಸಿಟಿವ್. ಅಂದರೆ ಕಾಯಿಲೆ ಇಲ್ಲ, ಕ್ರಿಮಿ ಇದೆ, ಮಲಗಿದೆ. ಮೂರು ತಿಂಗಳು ಎರಡು ಥರದ ಮಾತ್ರೆ, ಜೊತೆಗೊಂದು ವಿಟಮಿನ್. ಆ ಮಾತ್ರೆ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತೆ, ಕಣ್ಣೀರೂ ಅಷ್ಟೇ. ಮೊದಲನೇ ದಿನ ಬಾತ್‌ರೂಮಿನಲ್ಲಿ ನಿಂತು ಅತ್ತುಬಿಟ್ಟೆ. ನರ್ಸಾಗಿ ಹತ್ತು ಜನಕ್ಕೆ ಇದೇ ಮಾತ್ರೆ ಕೊಟ್ಟಿದ್ದವಳು ನಾನು! ಆದರೂ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಗ ನನ್ನ ಮದುವೆ ಮಾತುಕತೆ ನಡೀತಿತ್ತು. ಯಾಕೆ ಹೇಳಲಿಲ್ಲ ಅಂತ ನಿಮಗೆಲ್ಲ ಗೊತ್ತಾಗುತ್ತೆ.

ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 15 ವರ್ಷ ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮೈಯಲ್ಲಿ ಹೀಗೆ ಕ್ರಿಮಿ ಮಲಗಿದೆ ಅಂತ ಕಂಡುಬಂತು. ಗ್ರೂಪಿನಲ್ಲಿ ನಾವು 62 ಜನ ಇದ್ದೀವಿ. ಲೆಕ್ಕ ನೀವೇ ಹಾಕಿ. ಹೀಗೆ ಮಲಗಿರುವವರಲ್ಲಿ ಹತ್ತರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವಾಗಲೋ ಅದು ಎದ್ದು ಕಾಯಿಲೆಯಾಗುತ್ತೆ. ಉಳಿದ ಒಂಬತ್ತು ಜನಕ್ಕೆ ಗೊತ್ತೇ ಆಗೋದಿಲ್ಲ. ಆ ಒಬ್ಬರಿಗೆ ಯಾಕೆ ಏಳುತ್ತೆ, ಒಂಬತ್ತು ಜನಕ್ಕೆ ಯಾಕೆ ಏಳಲ್ಲ ಅನ್ನೋದೇ ಈ ಕಾಯಿಲೆಯ ಇಡೀ ಚರಿತ್ರೆ.

ಇಂಗ್ಲೆಂಡಿನಿಂದ ಶುರು ಮಾಡುತ್ತೇನೆ. ಇಲ್ಲಿ ಸತ್ತವರ ಲೆಕ್ಕವನ್ನು ಸರ್ಕಾರ ಬರೆದಿಡೋಕೆ ಶುರು ಮಾಡಿದ್ದು 1837ರಲ್ಲಿ. ಆ ಹೊಸದರಲ್ಲಿ ಶ್ವಾಸಕೋಶದ ಕ್ಷಯವೊಂದರಿಂದಲೇ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು ನಾಲ್ಕು ಜನ ಸಾಯುತ್ತಿದ್ದರು. ನಮ್ಮ ಊರಿನಷ್ಟು ದೊಡ್ಡ ಊರಾದರೆ ಪ್ರತಿ ವರ್ಷ ಎಂಟು ಹತ್ತು ಹೆಣ, ಅದೂ ಹೆಚ್ಚಾಗಿ ವಯಸ್ಸಿಗೆ ಬಂದ ಹುಡುಗ ಹುಡುಗಿಯರು. ಎಮಿಲಿ ಬ್ರಾಂಟೆ, ಆ್ಯನ್ ಬ್ರಾಂಟೆ ಅಂತ ಇಬ್ಬರು ಲೇಖಕಿಯರು, ಅಕ್ಕತಂಗಿಯರು, 1848ರ ಡಿಸೆಂಬರಿನಲ್ಲಿ ಒಬ್ಬಳು, 1849ರ ಮೇ ತಿಂಗಳಲ್ಲಿ ಇನ್ನೊಬ್ಬಳು ಹೋದರು. ಮನೆಮನೆಯ ಕಥೆ ಹೀಗಿತ್ತು. ಅದು ರಕ್ತದಲ್ಲಿ ಬರೋದು, ವಂಶದ ಶಾಪ ಅಂತ ಇಲ್ಲೂ ನಂಬಿದ್ದರು. ನಮ್ಮವರನ್ನು ಮಾತ್ರ ದೂರಬೇಡಿ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಎದ್ದು ನಿಂತು ಇದು ಶಾಪವಲ್ಲ, ಕ್ರಿಮಿ ಅಂತ ತೋರಿಸಿದರು. ಪ್ರತಿ ವರ್ಷ ಮಾರ್ಚ್ 24 ಕ್ಷಯ ದಿನ ಅಂತ ಶಾಲೆ ಮಕ್ಕಳ ಜಾಥಾ ಮಾಡುತ್ತಾರಲ್ಲ, ಅದು ಇದಕ್ಕೇ. ಆದರೆ ಕ್ರಿಮಿ ಸಿಕ್ಕಿತು ಅಂತ ಔಷಧಿ ಸಿಗಲಿಲ್ಲ. ಔಷಧಿಗೆ ಇನ್ನೂ 60 ವರ್ಷ ಕಾಯಬೇಕಿತ್ತು.

ಆ 60 ವರ್ಷ ಏನು ಮಾಡಿದರು? ಗಾಳಿ ಕೊಟ್ಟರು. ನಿಜವಾಗಿ ಹೇಳ್ತಾ ಇದ್ದೀನಿ, ಬರೀ ಗಾಳಿ, ಹಾಲು, ಮೊಟ್ಟೆ, ಮಲಗು. ಅದಕ್ಕೆ ಸ್ಯಾನಟೋರಿಯಂ ಅಂತ ಹೆಸರು. ಹಿಮ ಬೀಳ್ತಾ ಇದ್ದರೂ ಕಿಟಕಿ ಮುಚ್ಚುವಂತಿಲ್ಲ, ವರಾಂಡದಲ್ಲಿ ಮಂಚ. ನಮ್ಮ ಶ್ರೀನಿವಾಸ ರಾಮಾನುಜನ್ ಕೇಂಬ್ರಿಜ್‌ನಲ್ಲಿ ಓದುವಾಗ ಕಾಯಿಲೆ ಬಿದ್ದಾಗ ಡರ್ಬಿಶೈರಿನ ಮ್ಯಾಟ್ಲಾಕ್ ಅನ್ನೋ ಊರಿನ ಇಂಥದ್ದೇ ಜಾಗಕ್ಕೆ ಸೇರಿಸಿದ್ದರು. ಕುಂಭಕೋಣದಿಂದ ಬಂದ ಸಸ್ಯಾಹಾರಿ ಹುಡುಗ, ಆ ಚಳಿ, ತೆರೆದ ಕಿಟಕಿ. ಅವರಿಗಿದ್ದದ್ದು ಕ್ಷಯವೇ ಅಲ್ಲ, ಅಮೀಬಾದಿಂದ ಬಂದ ಲಿವರ್ ಕಾಯಿಲೆ ಅಂತ ಎಷ್ಟೋ ವರ್ಷದ ಮೇಲೆ ವೈದ್ಯರೊಬ್ಬರು ಹಳೆ ದಾಖಲೆ ನೋಡಿ ವಾದ ಮಾಡಿದ್ದಾರೆ. ಅದನ್ನ ಓದಿದಾಗಿನಿಂದ ಚಳಿಗಾಲದಲ್ಲಿ ವಾರ್ಡಿನ ಕಿಟಕಿ ತೆಗೆಯುವಾಗಲೆಲ್ಲ ಅವರ ನೆನಪು ಬರುತ್ತೆ. ಮೈಸೂರಿನ ಪಿಕೆಟಿಬಿ ಆಸ್ಪತ್ರೆಯೂ ಇದೇ ಕಾಲದ ಕೂಸು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಅದಕ್ಕೆ. ಅವರು ಹೋದದ್ದೂ ಕ್ಷಯದಿಂದಲೇ. ಅರಮನೆಯೊಳಗೂ ಔಷಧಿ ಇರಲಿಲ್ಲ.

ಈಗ ಕುತೂಹಲದ ವಿಷಯ. ಔಷಧಿ ಇಲ್ಲದ ಈ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಕ್ಷಯದ ಸಾವು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. 1838ರಲ್ಲಿ ಅಷ್ಟೆತ್ತರ ಇದ್ದದ್ದು, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಬರುವ ಹೊತ್ತಿಗೆ ಬಹುಪಾಲು ಇಳಿದೇ ಹೋಗಿತ್ತು. ಬರ್ಮಿಂಗ್‌ಹ್ಯಾಮಿನ ಪ್ರೊಫೆಸರ್ ಥಾಮಸ್ ಮೆಕ್ಯೂನ್ ಈ ಲೆಕ್ಕ ಹಾಕಿದರು. 1848ರಿಂದ 1971ರವರೆಗಿನ ಒಟ್ಟು ಇಳಿಕೆಯಲ್ಲಿ ಸ್ಟ್ರೆಪ್ಟೊಮೈಸಿನ್ನಿನ ಪಾಲು ನೂರಕ್ಕೆ ಮೂರು ಚಿಲ್ಲರೆ ಮಾತ್ರ ಅಂದರು. ಡಾಕ್ಟರುಗಳಿಗೆ ಸಿಟ್ಟು ಬರದೆ ಇರುತ್ತಾ? ಜನಕ್ಕೆ ಹೊಟ್ಟೆತುಂಬ ಊಟ ಸಿಕ್ಕಿತು, ಅದಕ್ಕೇ ಕ್ಷಯ ಇಳಿಯಿತು ಅನ್ನೋದು ಅವರ ವಾದ. ಸೈಮನ್ ಸ್ರೆಟರ್ ಅನ್ನೋ ಇತಿಹಾಸಕಾರರು, ಬರೀ ಊಟ ಅನ್ನಬೇಡಿ, ಊರಿನ ಮುನಿಸಿಪಾಲಿಟಿಗಳು ಚರಂಡಿ, ನೀರು, ಮನೆ ಅಂತ ದುಡ್ಡು ಸುರಿದದ್ದೂ ಇದೆ ಅಂದರು. ಇದಕ್ಕೂ ಬಹಳ ಮುಂಚೆ ಆರ್ಥರ್ ನ್ಯೂಸ್‌ಹೋಮ್ ಅನ್ನೋ ಆರೋಗ್ಯಾಧಿಕಾರಿ, ಬಡ ರೋಗಿಗಳನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದರಿಂದ ಮನೆಯಲ್ಲಿ ಇತರರಿಗೆ ಹರಡೋದು ತಪ್ಪಿತು ಅಂದಿದ್ದರು.

ಯಾರು ಸರಿ? ವಾರ್ಡಿನಲ್ಲಿ ನಿಂತು ನೋಡೋ ನನಗೆ ಮೂವರೂ ಒಂದೊಂದು ಕಡೆ ಸರಿ ಅನ್ನಿಸುತ್ತೆ. ಆದರೆ ಮೆಕ್ಯೂನ್ ಕಡೆಗೆ ತಕ್ಕಡಿ ವಾಲಿಸೋ ಒಂದು ಸಂಗತಿ ಇದೆ. 1914ರ ಯುದ್ಧ ಶುರುವಾದ ಕೂಡಲೇ ಇಳೀತಾ ಇದ್ದ ಕ್ಷಯದ ಸಾವು ಮತ್ತೆ ಏರಿತು. ಎರಡನೇ ಯುದ್ಧದ ಮೊದಲ ವರ್ಷಗಳಲ್ಲೂ ಹಾಗೇ ಆಯಿತು. ಕ್ರಿಮಿ ಬದಲಾಗಿರಲಿಲ್ಲ. ಊಟ, ಇಕ್ಕಟ್ಟು, ದುಡಿಮೆ, ಚಿಂತೆ ಬದಲಾಗಿತ್ತು.

ಹಾಲಿನ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ. ಹಸುಗಳಿಗೆ ಬರೋ ಕ್ಷಯವೂ ಹಾಲಿನಿಂದ ಮಕ್ಕಳಿಗೆ ಬರುತ್ತೆ. ಇಲ್ಲಿ ಹಸಿ ಹಾಲು ಕುಡಿಯೋ ರೂಢಿ, ಅದರಿಂದ ಎಷ್ಟೋ ಮಕ್ಕಳು ಕತ್ತಿನ ಗಂಟು, ಬೆನ್ನುಮೂಳೆ ಕ್ಷಯ ಅಂತ ನರಳಿ ಹೋದವು. ಹಾಲನ್ನು ಕಾಯಿಸಿ ಮಾರಬೇಕು ಅಂತ ಕಾನೂನು ತರೋಕೆ ರೈತರು, ವ್ಯಾಪಾರಿಗಳು, ಪಾರ್ಲಿಮೆಂಟು ಅಂತ ದಶಕಗಟ್ಟಲೆ ಜಗಳ. ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಹಾಲು ಉಕ್ಕಿಸಿ ಒಲೆ ಆರಿಸುತ್ತಿದ್ದಳು, ಯಾವ ಕಾನೂನೂ ಇಲ್ಲದೆ.

ನರ್ಸುಗಳ ಕಥೆ ಬಿಟ್ಟರೆ ನನ್ನ ಸಹೋದ್ಯೋಗಿಗಳು ಕ್ಷಮಿಸಲ್ಲ. 1920ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಉಲ್ಲೆವೋಲ್ ಆಸ್ಪತ್ರೆಯ ಡಾಕ್ಟರ್ ಯೋಹಾನೆಸ್ ಹೈಮ್‌ಬೆಕ್, ನರ್ಸಿಂಗ್ ಕಲಿಯೋಕೆ ಬಂದ ಹುಡುಗಿಯರಿಗೆಲ್ಲ ಚರ್ಮದ ಪರೀಕ್ಷೆ ಮಾಡಿಸಿದರು. ಸುಮಾರು ಅರ್ಧ ಜನಕ್ಕೆ ಕ್ರಿಮಿಯ ಪರಿಚಯವೇ ಇರಲಿಲ್ಲ, ಹಳ್ಳಿಗಳ ಕಡೆಯಿಂದ ಬಂದ ಹುಡುಗಿಯರು ಬೇರೆ. ಮೂರು ವರ್ಷದ ಟ್ರೈನಿಂಗ್ ಮುಗಿಯೋ ಹೊತ್ತಿಗೆ ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸೋಂಕು. ಕಾಯಿಲೆ ಬಿದ್ದವರೂ ಹೆಚ್ಚಾಗಿ ಅವರೇ. ವಾರ್ಡಿನಿಂದಲೇ ಬರ್ತಾ ಇದೆ ಅಂತ ಅಲ್ಲಿಗೆ ಗೊತ್ತಾಯಿತು. ಬಿಸಿಜಿ ಲಸಿಕೆಯನ್ನು ಅವರು ನರ್ಸುಗಳಿಗೆ ಕೊಡೋಕೆ ಶುರು ಮಾಡಿದ್ದು ಹೀಗೆ. ಬ್ರಿಟನ್ ಆ ಲಸಿಕೆಯನ್ನು ನಂಬೋಕೆ ಇನ್ನೂ 20 ವರ್ಷ ತಗೊಂಡಿತು. ಇಲ್ಲಿ ನರ್ಸುಗಳಿಗೆ ಸಿಕ್ಕಿದ್ದು 1949ರಲ್ಲಿ. ಅಷ್ಟರಲ್ಲಿ ಎಷ್ಟು ಹುಡುಗಿಯರು ರೋಗಿಯ ಮಂಚದ ಪಕ್ಕದಿಂದ ರೋಗಿಯ ಮಂಚಕ್ಕೆ ಹೋದರೋ. ನಮ್ಮೆಲ್ಲರ ಎಡತೋಳಿನಲ್ಲಿ ಇರೋ ಆ ದುಂಡು ಗುರುತು ಇದೇ ಬಿಸಿಜಿಯದ್ದು. ಇಲ್ಲಿ ನನ್ನ ತೋಳು ನೋಡಿದ ಪೇಷೆಂಟ್ ಒಬ್ಬರು, ವಯಸ್ಸಾದ ಇಂಗ್ಲಿಷ್ ಹೆಂಗಸು, ತಮ್ಮ ತೋಳು ಮೇಲೆತ್ತಿ ಅದೇ ಗುರುತು ತೋರಿಸಿ ನಕ್ಕರು. ಶಾಲೆಯಲ್ಲಿ ಹಾಕಿದ್ದಂತೆ.

ಸರಿ, ಔಷಧಿ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು ಅಮೆರಿಕದಲ್ಲಿ, 1943ರಲ್ಲಿ. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹತ್ತಿರ ಡಾಲರ್ ಇರಲಿಲ್ಲ, ಸಿಕ್ಕಿದ್ದು ಸ್ವಲ್ಪವೇ ಸ್ವಲ್ಪ. ಎಲ್ಲರಿಗೂ ಕೊಡೋಕಾಗಲ್ಲ, ಹಾಗಿದ್ದರೆ ಯಾರಿಗೆ? ಚೀಟಿ ಎತ್ತಿದ ಹಾಗೆ ಆಯ್ಕೆ ಮಾಡಿದರು. 107 ರೋಗಿಗಳಲ್ಲಿ 55 ಜನಕ್ಕೆ ಇಂಜೆಕ್ಷನ್ನು, 52 ಜನಕ್ಕೆ ಬರೀ ಹಾಸಿಗೆ. ಆರು ತಿಂಗಳಲ್ಲಿ ಇಂಜೆಕ್ಷನ್ ಪಡೆದವರಲ್ಲಿ 4 ಜನ ಹೋದರು, ಹಾಸಿಗೆಯವರಲ್ಲಿ 14 ಜನ. 1948ರಲ್ಲಿ ಇದು ಪ್ರಕಟವಾಯಿತು. ಈಗ ಯಾವ ಹೊಸ ಔಷಧಿ ಬಂದರೂ ಹೀಗೇ ಪರೀಕ್ಷೆ ಮಾಡಬೇಕು ಅನ್ನೋ ಪದ್ಧತಿಗೆ ಇದು ಅಡಿಗಲ್ಲು. ಲೇಖಕ ಜಾರ್ಜ್ ಆರ್ವೆಲ್ ಅದೇ ವರ್ಷ ಗೆಳೆಯರ ಮೂಲಕ ಅಮೆರಿಕದಿಂದ ಈ ಔಷಧಿ ತರಿಸಿಕೊಂಡರು. ಮೈಗೆ ಒಗ್ಗಲಿಲ್ಲ, ಚರ್ಮ ಸುಲಿಯಿತು, ನಿಲ್ಲಿಸಬೇಕಾಯಿತು. ಮಿಕ್ಕಿದ್ದು ಬೇರೆ ರೋಗಿಗಳಿಗೆ ಹೋಯಿತು. 1950ರ ಜನವರಿಯಲ್ಲಿ ಅವರು ತೀರಿಕೊಂಡರು.

ಒಂದೇ ಔಷಧಿ ಕೊಟ್ಟರೆ ಕ್ರಿಮಿ ಕೆಲವೇ ತಿಂಗಳಲ್ಲಿ ಅದನ್ನು ಜಯಿಸುವುದು ಕಲಿತುಬಿಡುತ್ತೆ. ಎರಡು ಮೂರು ಒಟ್ಟಿಗೆ ಕೊಟ್ಟರೆ ಕಲಿಯೋಕೆ ಆಗಲ್ಲ. ಪಾಸ್ ಅನ್ನೋ ಮಾತ್ರೆ ಬಂತು, 1952ರಲ್ಲಿ ಐಸೋನಿಯಾಜಿಡ್ ಬಂತು. ಎಡಿನ್‌ಬರೋದಲ್ಲಿ ಜಾನ್ ಕ್ರಾಫ್ಟನ್ ಮತ್ತು ಅವರ ತಂಡ ಮೂರನ್ನೂ ಸೇರಿಸಿ, ಬಿಡದೆ, ಒಂದು ವರ್ಷದ ಮೇಲೆ ಕೊಟ್ಟು, ಎಲ್ಲರೂ ಗುಣವಾಗಬೇಕು ಅಂತಲೇ ಹಟ ಹಿಡಿದರು. ಬೇರೆ ಊರಿನ ಡಾಕ್ಟರುಗಳು ಮೊದಲು ನಂಬಲಿಲ್ಲ. ಆಮೇಲೆ ಇಲ್ಲಿನ ಕ್ಷಯದ ಹಾಸಿಗೆಗಳು ಖಾಲಿಯಾಗುತ್ತಾ ಬಂದವು. ಕೇಂಬ್ರಿಜ್ ಹತ್ತಿರದ ಪ್ಯಾಪ್‌ವರ್ತ್ ಅನ್ನೋದು 1918ರಿಂದ ಕ್ಷಯ ರೋಗಿಗಳು ಮನೆಮಂದಿ ಸಮೇತ ಇದ್ದು ಕೆಲಸ ಮಾಡೋ ಊರಾಗಿತ್ತು. ಅದೇ ಮುಂದೆ ಹೃದಯದ ಆಸ್ಪತ್ರೆಯಾಯಿತು, 1979ರಲ್ಲಿ ಬ್ರಿಟನ್ನಿನ ಮೊದಲ ಯಶಸ್ವಿ ಹೃದಯ ಕಸಿ ಆದದ್ದು ಅಲ್ಲೇ.

ಈಗ ಮದ್ರಾಸಿಗೆ ಬನ್ನಿ. ನನ್ನ ಇಡೀ ಬರಹದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

1950ರ ದಶಕದಲ್ಲಿ ಭಾರತದಲ್ಲಿ ರೋಗಿಗಳು ಲಕ್ಷ ಲಕ್ಷ, ಹಾಸಿಗೆ ಬೆರಳೆಣಿಕೆ. ಸ್ಯಾನಟೋರಿಯಂ ಕಟ್ಟುತ್ತಾ ಹೋದರೆ ಯಾವ ಕಾಲಕ್ಕೂ ಸಾಲದು. ಮನೆಯಲ್ಲೇ ಇಟ್ಟು ಮಾತ್ರೆ ಕೊಟ್ಟರೆ ಆಗಲ್ವಾ? ಆಗಲ್ಲ ಅಂತ ದೊಡ್ಡ ದೊಡ್ಡವರ ಅಭಿಪ್ರಾಯ. ಗಾಳಿ ಬೇಕು, ವಿಶ್ರಾಂತಿ ಬೇಕು, ಪುಷ್ಟಿ ಊಟ ಬೇಕು, ಮನೆಯವರಿಗೆ ಹರಡುತ್ತೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಕೇಂದ್ರ ತೆರೆದು ಇದನ್ನು ಪರೀಕ್ಷೆಗೇ ಇಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಸಂಶೋಧನಾ ಮಂಡಳಿ ಎಲ್ಲರೂ ಸೇರಿದ್ದರು. ಲಂಡನ್ನಿನಿಂದ ಬಂದ ವ್ಯಾಲೆಸ್ ಫಾಕ್ಸ್ ಮುಂದಾಳು. ನಗರದ ಬಡ ಬೀದಿಗಳಿಂದ ಬಂದ 193 ರೋಗಿಗಳು. ಮತ್ತೆ ಚೀಟಿ ಎತ್ತಿದ ಹಾಗೆ ಅರ್ಧ ಜನ ಸ್ಯಾನಟೋರಿಯಂಗೆ, ಅರ್ಧ ಜನ ತಮ್ಮ ಮನೆಗೆ. ಮಾತ್ರೆ ಇಬ್ಬರಿಗೂ ಒಂದೇ, ಒಂದು ವರ್ಷ.

ಸ್ಯಾನಟೋರಿಯಂನವರಿಗೆ ಹಾಸಿಗೆ, ಒಳ್ಳೆಯ ಊಟ, ಓಡಾಟವಿಲ್ಲ. ಮನೆಯವರಿಗೆ ಒಂದೇ ಕೋಣೆ, ಅದರಲ್ಲೇ ಮನೆಮಂದಿಯೆಲ್ಲ, ಅರೆಹೊಟ್ಟೆ, ಎಷ್ಟೋ ಜನ ಕೆಲಸಕ್ಕೂ ಹೋಗುತ್ತಿದ್ದರು. ಹೆಲ್ತ್ ವಿಸಿಟರ್ ಹೆಂಗಸರು ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆಗೆ ತಗೊಂಡು ಹೋಗುತ್ತಿದ್ದರು. ವರ್ಷದ ಕೊನೆಗೆ ಸ್ಯಾನಟೋರಿಯಂನಲ್ಲಿ ನೂರಕ್ಕೆ 92 ಜನ ಗುಣ, ಮನೆಯಲ್ಲಿ ನೂರಕ್ಕೆ 86. ಎಷ್ಟು ಹತ್ತಿರ ನೋಡಿ. ಮನೆಯವರಿಗೆ ಹರಡಿತಾ? ಐದು ವರ್ಷ ಹಿಂದೆ ಬಿದ್ದು ನೋಡಿದರು, ಎರಡು ಗುಂಪಿನ ಮನೆಗಳಿಗೂ ವ್ಯತ್ಯಾಸ ಕಾಣಲಿಲ್ಲ. ರೋಗ ಹರಡೋದು ಮಾತ್ರೆ ಶುರುವಾಗುವ ಮುಂಚೆ, ಯಾರಿಗೂ ಗೊತ್ತಿಲ್ಲದೆ ಕೆಮ್ಮುತ್ತಿರುವಾಗ. ಮಾತ್ರೆ ಶುರುವಾದ ಮೇಲೆ ಅಲ್ಲ.

ಗ್ರೂಪಿನಲ್ಲಿ ಮೆಸೇಜ್ ಹಾಕಿದವರು ದಯವಿಟ್ಟು ಈ ಪ್ಯಾರಾ ಇನ್ನೊಂದು ಸಲ ಓದಿ. ನಮ್ಮ ಆಸ್ಪತ್ರೆಯಲ್ಲಿ ಸಾಮಾನ್ಯ ಟಿಬಿಯ ರೋಗಿಯನ್ನು ಬೇರೆ ರೂಮಿನಲ್ಲಿ ಇಡೋದು ಹೆಚ್ಚಾಗಿ ಮೊದಲ ಎರಡು ವಾರ. ಮೂರನೇ ತಿಂಗಳಲ್ಲಿ ಇರೋ ಹುಡುಗಿಯಿಂದ ಹೆದರಬೇಕಾದವರು ಯಾರೂ ಇಲ್ಲ.

1959ರಲ್ಲಿ ಈ ಫಲಿತಾಂಶ ಬಂದ ಮೇಲೆ ಜಗತ್ತಿನಲ್ಲೆಲ್ಲ ಸ್ಯಾನಟೋರಿಯಂ ಮುಚ್ಚುವುದಕ್ಕೆ ಧೈರ್ಯ ಬಂತು. ಲಂಡನ್ನಿನ ರೋಗಿ ಇವತ್ತು ಮನೆಯಲ್ಲಿ ಮಲಗಿ ಮಾತ್ರೆ ನುಂಗುತ್ತಿದ್ದರೆ ಅದರ ಹಿಂದೆ ಮದ್ರಾಸಿನ ಒಂದು ಕೋಣೆಯ ಮನೆಗಳಿವೆ. ಇಲ್ಲಿನ ಹೊಸ ನರ್ಸುಗಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ. ನನಗೂ ಒಂದಿಷ್ಟು ಜಂಬ.

ಇನ್ನು ನಮ್ಮ ಜಿಲ್ಲೆ. ಹೌದು, ತುಮಕೂರು ಈ ಕಥೆಯಲ್ಲಿ ಇದೆ. ನಿಮಗೆ ಯಾರೂ ಹೇಳಿರಲ್ಲ, ನನಗೂ ಇಲ್ಲಿಗೆ ಬಂದು ಓದಿದ ಮೇಲೇ ಗೊತ್ತಾದದ್ದು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅಂತ ಇದೆ. ಏರ್‌ಪೋರ್ಟಿಗೆ ಹೋಗುವಾಗ ಎಷ್ಟು ಸಲ ದಾಟಿದ್ದೀವೋ. 1959ರಲ್ಲಿ ಶುರುವಾಗಿ, 1960ರಲ್ಲಿ ನೆಹರೂ ಉದ್ಘಾಟನೆ ಮಾಡಿದ್ದು. ಡೆನ್ಮಾರ್ಕಿನ ಹಾಫ್‌ಡನ್ ಮಾಲರ್ ಆ ಕಾಲದಲ್ಲಿ ಭಾರತದ ಕ್ಷಯ ಕೆಲಸದಲ್ಲಿ ಇದ್ದವರು, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಅದಕ್ಕೆ ಸ್ವಲ್ಪ ಮುಂಚೆ, 1955ರಿಂದ 58ರವರೆಗೆ ನಡೆದ ದೇಶದ ಸಮೀಕ್ಷೆ ಒಂದು ಹಳೇ ನಂಬಿಕೆ ಮುರಿದಿತ್ತು. ಕ್ಷಯ ಪಟ್ಟಣದ ಕಾಯಿಲೆ, ಮಿಲ್ಲಿನವರ ಕಾಯಿಲೆ ಅಂತ ಇದ್ದದ್ದು ಸುಳ್ಳು, ಹಳ್ಳಿಯಲ್ಲೂ ಅಷ್ಟೇ ಇದೆ ಅಂತ. ಸಾವಿರಕ್ಕೆ ಸುಮಾರು ನಾಲ್ಕು ಜನರ ಕಫದಲ್ಲಿ ಕ್ರಿಮಿ.

ಹಾಗಾದರೆ ಹಳ್ಳಿಯವರನ್ನ ಹುಡುಕೋದು ಹೇಗೆ? ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ಮನೆಮನೆಗೆ ಎಕ್ಸ್‌ರೇ ಗಾಡಿ ಕಳಿಸಬೇಕು ಅಂತ ಒಂದು ವಾದ. ಆ ಸಂಸ್ಥೆಯ ಸಮಾಜಶಾಸ್ತ್ರದ ಕೆಲಸ ಮಾಡುತ್ತಿದ್ದ ಡಾಕ್ಟರ್ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕಾಯಿಲೆ ಇದ್ದವರನ್ನೇ ಕೂರಿಸಿ ಕೇಳಿಸಿದರು. ನಿಮಗೆ ಏನಾಗ್ತಿದೆ? ಅದರ ಬಗ್ಗೆ ಚಿಂತೆ ಇದೆಯಾ? ಏನು ಮಾಡಿದಿರಿ? 1963ರಲ್ಲಿ ಅದು ಪ್ರಕಟವಾಯಿತು. ಬಹುತೇಕ ಎಲ್ಲರಿಗೂ, ನೂರಕ್ಕೆ 95 ಜನಕ್ಕೆ, ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. 72 ಜನಕ್ಕೆ ಅದರ ಚಿಂತೆ ಹತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದೂ ಆಗಿತ್ತು. ಆಸ್ಪತ್ರೆಯವರು ಏನು ಮಾಡಿದರು? ಕೆಮ್ಮಿಗೆ ಒಂದು ಬಾಟಲಿ ಔಷಧಿ ಕೊಟ್ಟು ಕಳಿಸಿದರು. ಕಫ ನೋಡಲಿಲ್ಲ.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಅಜ್ಜಿಗೆ ಒಬ್ಬ ಅಕ್ಕ ಇದ್ದರು. ಅವರ ಹೆಸರು ನಮ್ಮ ಮನೆಯಲ್ಲಿ ಯಾವ ಮಗುವಿಗೂ ಇಟ್ಟಿಲ್ಲ, ಗಮನಿಸಿದ್ದೀರಾ? ಪಿತೃಪಕ್ಷದಲ್ಲೂ ಬಾಯಿಬಿಟ್ಟು ಹೇಳಲ್ಲ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಇದ್ದರು, ತಟ್ಟೆ ಬೇರೆ, ಚೊಂಬು ಬೇರೆ. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಅಜ್ಜಿ ಕದ್ದುಮುಚ್ಚಿ ಹೋಗಿ ತಲೆ ಬಾಚಿ ಬರುತ್ತಿದ್ದಳಂತೆ. ದೊಡ್ಡಪ್ಪ ಆಗ ಒಂದನೇ ಕ್ಲಾಸು, ಅಂದರೆ 1961, 62ರ ಹೊತ್ತು. ನಾವೆಲ್ಲ ಚಿಕ್ಕವರಿದ್ದಾಗ, ಆಸ್ಪತ್ರೆಗೆ ತೋರಿಸದೆ ಕೊಂದುಬಿಟ್ಟರು, ಹಳ್ಳಿ ಮುಕ್ಕರು ಅಂತ ಒಬ್ಬ ನೆಂಟರು ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ನರ್ಸಿಂಗ್ ಕಾಲೇಜಿನಲ್ಲಿ ಯಾರೋ ಕೇಳಿದಾಗ, ನಮ್ಮ ಹಳೇ ತಲೆಮಾರಿನವರ ಅಜ್ಞಾನ ಅಂತ ಹೇಳಿದ್ದೂ ಇದೆ.

ಅಜ್ಜಿ ಹೋಗುವ ಹಿಂದಿನ ವರ್ಷ ಊರಿಗೆ ಬಂದಾಗ ಸರಿಯಾಗಿ ಕೇಳಿದೆ. ಅಜ್ಜಿ ಹೇಳಿದ್ದು ಬೇರೆ. ಅವರ ಗಂಡ ಎತ್ತಿನ ಗಾಡಿ ಕಟ್ಟಿಕೊಂಡು ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮನೆಯಿಂದಲೇ ಬಾಟಲಿ ತಗೊಂಡು ಹೋಗಬೇಕಿತ್ತಂತೆ. ಕೆಂಪು ನೀರಿನ ಔಷಧಿ, ಎಷ್ಟು ಕುಡೀಬೇಕು ಅಂತ ಬಾಟಲಿಗೆ ಕಾಗದ ಕತ್ತರಿಸಿ ಅಂಟಿಸಿದ್ದರಂತೆ. ಎರಡನೇ ಸಲವೂ ಅದೇ ಕೆಂಪು ನೀರು. ಮೂರನೇ ಸಲ ಹೋಗೋಕೆ ಅವರೇ ಒಪ್ಪಲಿಲ್ಲ. ಆ ಬಾಟಲಿ ಆಮೇಲೆ ಎಷ್ಟೋ ವರ್ಷ ಸೀಮೆಎಣ್ಣೆ ಹಾಕೋಕೆ ಇತ್ತು ಅಂದಳು ಅಜ್ಜಿ.

ಐಸೋನಿಯಾಜಿಡ್ ಬಂದು ಆಗಲೇ ಒಂಬತ್ತು ಹತ್ತು ವರ್ಷ ಆಗಿತ್ತು. ಮದ್ರಾಸಿನ ಫಲಿತಾಂಶ ಬಂದು ಎರಡು ಮೂರು ವರ್ಷ. ನಮ್ಮ ಊರಿನಿಂದ ಮದ್ರಾಸು ಒಂದು ರಾತ್ರಿಯ ರೈಲು.

ಆ ಸಂಸ್ಥೆಯೇ ಬೆಂಗಳೂರು ಸುತ್ತಲಿನ ಹಳ್ಳಿಗಳಲ್ಲಿ 1961ರಿಂದ 68ರವರೆಗೆ ಜನರನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿ ಬರೆದಿಟ್ಟ ಲೆಕ್ಕ ಇನ್ನೊಂದಿದೆ. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಐದು ವರ್ಷದ ಹೊತ್ತಿಗೆ ಸುಮಾರು ಅರ್ಧ ಜನ ಸತ್ತಿದ್ದರು, ಮೂರನೇ ಒಂದು ಭಾಗದ ಜನ ತಾವಾಗಿಯೇ ಗುಣವಾಗಿದ್ದರು, ಉಳಿದವರು ಇನ್ನೂ ಕೆಮ್ಮುತ್ತಾ ಇದ್ದರು. ಜಗತ್ತಿನ ಪುಸ್ತಕಗಳೆಲ್ಲ ಈ ಲೆಕ್ಕವನ್ನು ಹೇಳುತ್ತವೆ. ಓದುವಾಗ ಅದರಲ್ಲಿ ಯಾರು ಯಾರಿದ್ದರೋ ಅನ್ನಿಸುತ್ತೆ.

ತುಮಕೂರಿನ ಪಾಠದ ಮೇಲೆ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಕೆಮ್ಮು ಅಂತ ತಾವಾಗಿ ಬಂದವರ ಕಫ ನೋಡಿ, ಅಲ್ಲೇ ಮಾತ್ರೆ ಕೊಡಿ. ಸರಳ, ಒಳ್ಳೆಯ ಯೋಚನೆ. ಆದರೆ ದುಡ್ಡು ಬರಲಿಲ್ಲ, ಮಾತ್ರೆ ತೀರಿಹೋಗುತ್ತಿತ್ತು. 1992ರಲ್ಲಿ ಪರಿಶೀಲನೆ ಮಾಡಿದರೆ ಅರ್ಧದಷ್ಟು ರೋಗಿಗಳಿಗೂ ಸರಿಯಾದ ಪರೀಕ್ಷೆ ಆಗುತ್ತಿರಲಿಲ್ಲ, ಪರೀಕ್ಷೆ ಆದವರಲ್ಲಿ ಅರ್ಧದಷ್ಟು ಜನಕ್ಕೂ ಪೂರ್ತಿ ಚಿಕಿತ್ಸೆ ಆಗುತ್ತಿರಲಿಲ್ಲ. ಆಮೇಲೆ ಹೊಸ ಯೋಜನೆ, ಕಣ್ಣೆದುರೇ ಮಾತ್ರೆ ನುಂಗಿಸೋದು, ಆರು ತಿಂಗಳ ಚಿಕಿತ್ಸೆ. ಇದೆಲ್ಲ ನಿಮಗೆ ಗೊತ್ತಿರೋದೇ, ಆಶಾ ಅಕ್ಕಂದಿರು ನಮ್ಮ ಬೀದಿಯಲ್ಲೇ ಇದ್ದಾರೆ.

ಅಂಕಿ ಎಲ್ಲಿಗೆ ಬಂತು ಅಂತ ಹೇಳಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1913ರಲ್ಲಿ ದಾಖಲಾದ ಹೊಸ ರೋಗಿಗಳು ಸುಮಾರು 1,17,000. ಇಂಗ್ಲೆಂಡಿನಲ್ಲಿ 2024ರಲ್ಲಿ 5,480. ಆದರೆ ಇಳಿಜಾರು ನೇರವಾಗಿಲ್ಲ. 1980ರ ದಶಕದ ಕೊನೆಯಲ್ಲಿ ಇಳಿಕೆ ನಿಂತು ಏರತೊಡಗಿತು, 2011ರಲ್ಲಿ 8,280ಕ್ಕೆ ಹೋಯಿತು, ಮತ್ತೆ ಇಳಿಯಿತು, ಈಗ 2023, 2024 ಎರಡೂ ವರ್ಷ ಏರಿದೆ. ಐದರಲ್ಲಿ ನಾಲ್ಕು ಜನ ಬೇರೆ ದೇಶದಲ್ಲಿ ಹುಟ್ಟಿದವರು. ಪತ್ರಿಕೆಯವರು ಇಷ್ಟನ್ನು ಮಾತ್ರ ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಅವರಲ್ಲಿ ಎಷ್ಟೋ ಜನ ಬಂದು ಹತ್ತು ವರ್ಷ ಆದ ಮೇಲೆ ಕಾಯಿಲೆ ಬಿದ್ದವರು ಅನ್ನೋದು ಸಣ್ಣಕ್ಷರ. ಮಲಗಿದ್ದದ್ದು ಇಲ್ಲಿ ಬಂದು ಯಾಕೆ ಎದ್ದಿತು? ಒಂದು ಮನೆಯಲ್ಲಿ ಎಂಟು ಜನ, ಎರಡು ಶಿಫ್ಟ್ ಕೆಲಸ, ಬಿಸಿಲಿಲ್ಲ, ಊಟ ಅಂದರೆ ಬ್ರೆಡ್ಡು. ನನ್ನ ಮೊದಲ ವರ್ಷವೂ ಹಾಗೇ ಇತ್ತು, ಯಾರಿಗೂ ಹೇಳಿರಲಿಲ್ಲ.

ಭಾರತದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 2015ರಲ್ಲಿ ಲಕ್ಷಕ್ಕೆ 237 ಹೊಸ ರೋಗಿಗಳು, 2023ರಲ್ಲಿ 195. ಇಳಿದಿದೆ, ಖುಷಿಯ ವಿಷಯ. ಜಗತ್ತಿನ ಕಾಲು ಭಾಗ ರೋಗಿಗಳು ಇನ್ನೂ ನಮ್ಮವರೇ. ಇತ್ತೀಚಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ಸಾವಿರಕ್ಕೆ ಸುಮಾರು ಮೂರು ಜನಕ್ಕೆ ಶ್ವಾಸಕೋಶದ ಕ್ಷಯ. 1950ರ ದಶಕದಲ್ಲಿ ನಾಲ್ಕು ಇತ್ತು ಅಂದೆನಲ್ಲ. ಆಗಿನ ಅಳತೆಗೋಲು ಬೇರೆ, ಈಗಿನ ಯಂತ್ರ ಸೂಕ್ಷ್ಮ, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗೋದು ಪೂರ್ತಿ ಸರಿಯಲ್ಲ. ಆದರೂ 60 ವರ್ಷಕ್ಕೆ ಇದು ಕಡಿಮೆ. ಅದೇ ಸಮೀಕ್ಷೆಯಲ್ಲಿ, ಕೆಮ್ಮು ಜ್ವರದಂಥ ಲಕ್ಷಣ ಇದ್ದವರಲ್ಲಿ ನೂರಕ್ಕೆ 64 ಜನ ಎಲ್ಲೂ ತೋರಿಸಿರಲಿಲ್ಲ. ಗಾಡಿ ಕಟ್ಟಿಕೊಂಡು ಹೋದ ಕಾಲಕ್ಕಿಂತ ಈಗ ಆಸ್ಪತ್ರೆ ಹತ್ತಿರ ಇದೆ, ಮಾತ್ರೆ ಪುಕ್ಕಟೆ ಇದೆ. ಹೋಗದಿರೋಕೆ ಕಾರಣ ಹಲವಾರು. ಅದರಲ್ಲಿ ನಮ್ಮ ಗ್ರೂಪಿನ ಆ ಮೆಸೇಜಿನಂಥದ್ದೂ ಒಂದು ಅಂತ ನಾನು ಖಂಡಿತ ಹೇಳಬಲ್ಲೆ. ನಾನೇ ಮುಚ್ಚಿಟ್ಟವಳು.

ಊಟದ ಮಾತು ಒಂದು ಉಳಿದಿತ್ತು. ಮದ್ರಾಸಿನ ಪರೀಕ್ಷೆ ಆದ ಮೇಲೆ ಎಷ್ಟೋ ಡಾಕ್ಟರುಗಳು, ಕ್ಷಯಕ್ಕೂ ಊಟಕ್ಕೂ ಸಂಬಂಧ ಇಲ್ಲ, ಮಾತ್ರೆ ಸಾಕು ಅಂತ ಕಲಿತುಬಿಟ್ಟರು. ಅದು ಅರ್ಧ ಪಾಠ. ಮಾತ್ರೆ ನುಂಗಿದರೆ ಬಡ ಊಟದಲ್ಲೂ ಗುಣವಾಗುತ್ತೆ ಅಂತ ಮದ್ರಾಸು ತೋರಿಸಿತ್ತು, ಅರೆಹೊಟ್ಟೆಯವರಿಗೆ ಕಾಯಿಲೆ ಹೆಚ್ಚಾಗಿ ಏಳಲ್ಲ ಅಂತ ಅಲ್ಲ. ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ ಮತ್ತು ಅವರ ಜೊತೆಯವರು ಜಾರ್ಖಂಡಿನಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ರೋಗಿಗಳ ಮನೆಯವರು ಹತ್ತು ಸಾವಿರಕ್ಕೂ ಹೆಚ್ಚು ಜನ. ಅರ್ಧ ಮನೆಗಳಿಗೆ ರೋಗಿಗೆ ಮಾತ್ರ ಪಡಿ, ಇನ್ನರ್ಧ ಮನೆಗಳಿಗೆ ಮನೆಮಂದಿಗೆಲ್ಲ, ತಲೆಗೆ ತಿಂಗಳಿಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ. ಪಡಿ ಸಿಕ್ಕಿದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದದ್ದು ನೂರಕ್ಕೆ 39ರಷ್ಟು ಕಡಿಮೆ. ರೋಗಿಗಳ ವಿಷಯದಲ್ಲೂ, ಮೊದಲ ಎರಡು ತಿಂಗಳಲ್ಲಿ ಮೈತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವು ಬಹಳ ಕಡಿಮೆ ಇತ್ತು. 2023ರಲ್ಲಿ ಇದು ಪ್ರಕಟವಾದಾಗ ಮೆಕ್ಯೂನ್ ಬದುಕಿದ್ದಿದ್ದರೆ ಏನನ್ನುತ್ತಿದ್ದರೋ. ಅಕ್ಕಿ ಬೇಳೆ! ಇಂಗ್ಲೆಂಡು 100 ವರ್ಷ ಗೊತ್ತಿಲ್ಲದೆ ಮಾಡಿದ್ದನ್ನು ಇವರು ಚೀಲದಲ್ಲಿ ಕಟ್ಟಿ ತೋರಿಸಿದ್ದಾರೆ. ಸರ್ಕಾರ ರೋಗಿಯ ಖಾತೆಗೆ ಊಟಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, ಈಗ ಅದು 1000 ಆಗಿದೆ. ನಮ್ಮ ಹುಡುಗಿಗೆ ಬಂದಿದೆಯಾ ಅಂತ ಕೇಳಿದೆ, ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಿಲ್ಲವಂತೆ. ಚಿಕ್ಕಪ್ಪ, ನಿಮಗೆ ಬ್ಯಾಂಕಿನವರು ಪರಿಚಯ ಇದ್ದಾರಲ್ಲ, ಸೋಮವಾರ ಅವಳ ಜೊತೆ ಹೋಗಿ ಬನ್ನಿ.

ಇನ್ನು ಗೃಹಪ್ರವೇಶ. ಭಾನುವಾರ ಬೆಳಿಗ್ಗೆ ಅಮ್ಮ ಹೋಗುತ್ತಾಳೆ, ತಮ್ಮನ ಇಬ್ಬರು ಮಕ್ಕಳನ್ನೂ ಕರೆದುಕೊಂಡು. ಒಂದು ಡಬ್ಬಿ ಕಡಲೆಕಾಯಿ ಉಂಡೆ, ಎರಡು ಡಜನ್ ನಾಟಿ ಮೊಟ್ಟೆ ತಗೊಂಡು ಹೋಗು ಅಂತ ಹೇಳಿದ್ದೇನೆ. ಮೊಟ್ಟೆಯನ್ನ ಅಡುಗೆಮನೆ ಹಿಂದಿನ ಬಾಗಿಲಲ್ಲಿ ಕೊಡಬೇಕು, ಪೂಜೆ ದಿನ ನೋಡಿ. ಅವಳ ಪಕ್ಕದಲ್ಲೇ ಕೂತು ಊಟ ಮಾಡಿ ಒಂದು ಫೋಟೋ ತೆಗೆಸಿಕೋ ಅಂದೆ. ಅದನ್ನ ಗ್ರೂಪಿಗೆ ಅಮ್ಮನೇ ಹಾಕುತ್ತಾಳಂತೆ. ಮೆಷಿನ್ ನಿಂತಿತು, ಬಟ್ಟೆ ಹರವಬೇಕು.